ನಿಲ್ಲಿಸುವ ದಿನ ಯಾವುದು: ಡೊಂಬಿವಲಿಯ ಒಂದು ಸಿಜೆಡಿ ಪ್ರಕರಣ

ಮನೆ ಇರುವುದು ಡೊಂಬಿವಲಿ ಪೂರ್ವದಲ್ಲಿ. ಕುಂದಾಪುರ ಕಡೆಯವರು, ಮುಂಬೈಗೆ ಬಂದು ನಲವತ್ತು ವರ್ಷದ ಮೇಲಾಗಿದೆ. ಯಜಮಾನರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಸಿಜೆಡಿ ಎಂಬ ಮೆದುಳಿನ ಕಾಯಿಲೆ ಬಂದದ್ದು ಅವರ ಹೆಂಡತಿಗೆ. ವಯಸ್ಸು 62. ಮಗಳು ಠಾಣೆಯಲ್ಲಿ ಚಾರ್ಟರ್ಡ್ ಅಕೌಂಟೆಂಟ್, ಮಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಇನ್ನೊಬ್ಬರು ಯಜಮಾನರ ತಮ್ಮ. ಮಾಟುಂಗಾದಲ್ಲಿ ಹೋಟೆಲು ನಡೆಸುತ್ತಾರೆ. ಹದಿನೇಳನೇ ವಯಸ್ಸಿಗೆ ಊರು ಬಿಟ್ಟು ಬಂದವರು. ಕಾಲೂರುವ ತನಕ ಅಣ್ಣನ ಒಂದೇ ಕೋಣೆಯ ಮನೆಯಲ್ಲಿದ್ದು, ಅತ್ತಿಗೆ ಬಡಿಸಿದ್ದನ್ನು ಉಂಡವರು. ಈ ಸಂಗತಿ ಮುಂದೆ ಬೇಕಾಗುತ್ತದೆ.

ನಾನು ಪರೇಲ್ ಕಡೆಯ ಒಂದು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ಕೆಲಸ ಮಾಡಿದವಳು. ಈಗ ನಿವೃತ್ತಿ. ಆಸ್ಪತ್ರೆಯ ಕಾಗದಪತ್ರ ಅರ್ಥವಾಗದಿದ್ದಾಗ ಊರ ಕಡೆಯವರಿಗೆ ನನ್ನ ನೆನಪಾಗುತ್ತದೆ. ಹಾಗೆ ಈ ಮನೆಗೂ ಹೋದೆ. ಮದ್ದಿಲ್ಲದ ಈ ಕಾಯಿಲೆಗೆ ಯಾವ ಪ್ರಯೋಗ ಮಾಡಿ ನೋಡುವುದು, ಯಾವುದು ಬೇಡ ಎಂದು ಅವರು ತೀರ್ಮಾನಿಸಿದ ಬಗೆ ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ಒಂದೆರಡು ವಿವರ ಬದಲಾಯಿಸಿದ್ದೇನೆ.

ಗಣಪತಿ ಹಬ್ಬದ ಹೊತ್ತಿಗೆ ಆಕೆಗೆ ಭಜನೆಯ ಸಾಲುಗಳು ಮರೆಯತೊಡಗಿದವು. ತರಕಾರಿಯವನಿಗೆ ಚಿಲ್ಲರೆ ಎಣಿಸಿ ಕೊಡಲು ತಡವರಿಸಿದರು. ವಯಸ್ಸು, ಸುಸ್ತು ಅಂದುಕೊಂಡರು. ಮೊದಲ ಡಾಕ್ಟರು ಬಿ12 ಮತ್ತು ಥೈರಾಯ್ಡ್ ನೋಡಿದರು, ಎರಡನೆಯವರು ಖಿನ್ನತೆಯ ಮಾತ್ರೆ ಬರೆದರು. ದೀಪಾವಳಿ ಕಳೆಯುವಷ್ಟರಲ್ಲಿ ಮನೆಯೊಳಗೇ ಬಚ್ಚಲು ಎಲ್ಲಿದೆ ಎಂದು ಹುಡುಕುತ್ತಿದ್ದರು. ನಡೆಯುವಾಗ ವಾಲುತ್ತಿದ್ದರು. ಕುಕ್ಕರಿನ ಸೀಟಿ ಕೂಗಿದರೆ ಇಡೀ ಮೈ ಬೆಚ್ಚಿಬಿದ್ದು ಕೈ ಎಗರುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಯಜಮಾನರು ಕುಕ್ಕರನ್ನು ಪಕ್ಕದ ಮನೆಯ ಅಡುಗೆಮನೆಗೆ ಕೊಟ್ಟುಬಂದರು. ಅನ್ನ, ಬೇಳೆ ಅಲ್ಲೇ ಬೆಂದು ಬರುತ್ತಿತ್ತು. ಪಕ್ಕದ ಮರಾಠಿ ಹೆಂಗಸು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ.

ನ್ಯೂರಾಲಜಿಸ್ಟ್ ಎಂಆರ್‌ಐ ನೋಡಿ ಹೇಳಿದ ಹೆಸರು ಕ್ರೊಯ್ಟ್ಸ್‌ಫೆಲ್ಟ್-ಯಾಕೋಬ್ ಕಾಯಿಲೆ. ಚಿಕ್ಕದಾಗಿ ಸಿಜೆಡಿ. ಮೆದುಳಿನ ಹೊರಪದರದ ಅಂಚು ರಿಬ್ಬನ್ನಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ನಮ್ಮೆಲ್ಲರ ಮೆದುಳಿನಲ್ಲೂ ಇರುವ ಪ್ರಿಯಾನ್ ಅನ್ನುವ ಪ್ರೋಟೀನ್ ತಪ್ಪಾಗಿ ಮಡಚಿಕೊಳ್ಳುತ್ತದೆ. ಆಮೇಲೆ ಹಾಲಿಗೆ ಹೆಪ್ಪು ಬಿದ್ದ ಹಾಗೆ ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನಂತೆಯೇ ಮಾಡುತ್ತಾ ಹೋಗುತ್ತದೆ. ಇದನ್ನು ಕಂಡುಹಿಡಿದ ಸ್ಟಾನ್ಲಿ ಪ್ರುಸಿನರ್‌ಗೆ 1997ರಲ್ಲಿ ನೊಬೆಲ್ ಬಂತು. ಔಷಧಿ ಮಾತ್ರ ಬಂದಿಲ್ಲ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುವ ಕಾಯಿಲೆ ಇದು. ಬಂದವರಲ್ಲಿ ಅರ್ಧದಷ್ಟು ಜನ ಸುಮಾರು ಐದು ತಿಂಗಳಲ್ಲೇ ಹೋಗುತ್ತಾರೆ. ಒಂದು ವರ್ಷ ದಾಟುವವರು ಕಡಿಮೆ. ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಹರಡುವುದಿಲ್ಲ. ಇಷ್ಟನ್ನೂ ಡಾಕ್ಟರು ಕೂರಿಸಿಕೊಂಡು, ಗಡಿಬಿಡಿ ಮಾಡದೆ ಹೇಳಿದರು. ಮುಂಬೈಯ ಓಪಿಡಿಯಲ್ಲಿ ಅಷ್ಟು ಹೊತ್ತು ಸಿಗುವುದೇ ದೊಡ್ಡದು.

ಮೊದಲ ತೀರ್ಮಾನ ಅಲ್ಲೇ ಆಯಿತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಅದೇ. ಸಿಜೆಡಿಯ ಹಾಗೇ ಕಾಣುವ ಬೇರೆ ಕಾಯಿಲೆಗಳಿವೆ. ದೇಹದ ರಕ್ಷಣಾ ವ್ಯವಸ್ಥೆ ಮೆದುಳಿನ ಮೇಲೆಯೇ ತಿರುಗಿಬೀಳುವ ಆಟೊಇಮ್ಯೂನ್ ಎನ್ಸೆಫಲೈಟಿಸ್ ಅದರಲ್ಲೊಂದು. ಅದಕ್ಕೆ ಮದ್ದಿದೆ, ಎದ್ದು ಓಡಾಡುವಷ್ಟು ಸುಧಾರಿಸುವವರೂ ಇದ್ದಾರೆ. ರಕ್ತ ಮತ್ತು ಬೆನ್ನಿನ ನೀರಿನ ಪರೀಕ್ಷೆಯ ಫಲಿತಾಂಶ ಬರುವ ತನಕ ಕಾಯದೆ ಸ್ಟೆರಾಯ್ಡ್ ಕೊಟ್ಟು ನೋಡೋಣ ಎಂದರು ಡಾಕ್ಟರು. ದಿನಕ್ಕೆ 1 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್, ಐದು ದಿನ.

ಮಗಳು ಕೇಳಿದಳು: “ಡಾಕ್ಟ್ರೇ, ಇದೂ ಅಂದಾಜಿನ ಮೇಲೆ ಕೊಡೋದೇ ಅಲ್ವಾ?”

“ಹೌದು. ಆದರೆ ಎರಡು ವಾರದಲ್ಲಿ ಹೌದೋ ಅಲ್ಲವೋ ಅಂತ ನಮಗೆ ಗೊತ್ತಾಗುತ್ತೆ. ಅಲ್ಲಿಗೆ ನಿಲ್ಲಿಸ್ತೀವಿ.”

ಫಲ ಕಾಣಲಿಲ್ಲ. ಸಕ್ಕರೆ ಏರಿತು, ಕೆಲವು ರಾತ್ರಿ ಆಕೆಗೆ ನಿದ್ದೆ ಬರಲಿಲ್ಲ. ಆ್ಯಂಟಿಬಾಡಿ ಪರೀಕ್ಷೆ ನೆಗೆಟಿವ್ ಬಂತು, ಅಂದರೆ ಆಟೊಇಮ್ಯೂನ್ ಕಾಯಿಲೆಯ ಗುರುತು ಸಿಗಲಿಲ್ಲ. ಬೆನ್ನಿನ ನೀರಿನಲ್ಲಿ, ಸಿಜೆಡಿಯಲ್ಲಿ ಏರುವ 14-3-3 ಎಂಬ ಪ್ರೋಟೀನ್ ಪಾಸಿಟಿವ್. ಮೆದುಳಿನ ಜೀವಕೋಶ ಬೇಗಬೇಗ ಸಾಯುವ ಬೇರೆ ಕಾಯಿಲೆಗಳಲ್ಲೂ ಆ ಪ್ರೋಟೀನ್ ಏರುತ್ತದೆ, ಅದೊಂದರಿಂದಲೇ ಏನೂ ಹೇಳಲಾಗದು. ಎಂಆರ್‌ಐ, ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ, ಲಕ್ಷಣ ಎಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ. ಆದರೂ ಆ ಐದು ಬಾಟಲಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಯಾವ ಮನೆಗಾದರೂ ನಾನು ಹಟ ಹಿಡಿದು ಮಾಡಿಸಿ ಅನ್ನುವ ಪ್ರಯೋಗ ಇದೊಂದೇ. ರೋಗದ ಹೆಸರೇ ತಪ್ಪಿರಬಹುದಾ ಅನ್ನುವುದನ್ನು ಅದು ಪರೀಕ್ಷಿಸುತ್ತದೆ.

ಆ ಸಂಜೆ ಮಗಳು ಆಫೀಸಿನ ಹಳೇ ಲೆಡ್ಜರ್ ಒಂದನ್ನು ತೆಗೆದುಕೊಂಡು ಕೂತಳು. ಅವಳ ವೃತ್ತಿಯ ಚಾಳಿ. ಸಿಜೆಡಿಗೆ ಪ್ರಯೋಗ ಮಾಡಿ ನೋಡಿದ ಒಂದೊಂದು ಔಷಧಿಗೆ ಒಂದೊಂದು ಸಾಲು. ಯಾರ ಮೇಲೆ ಪರೀಕ್ಷಿಸಿದರು, ಯಾರ ಜೊತೆ ಹೋಲಿಸಿದರು, ಅಮ್ಮನಿಗೆ ಏನು ತೊಂದರೆ, ಎಷ್ಟು ಖರ್ಚು. ಕೊನೆಯ ಕಾಲಮ್ಮಿಗೆ ಅವಳು ಕೊಟ್ಟ ಹೆಸರು “ನಿಲ್ಲಿಸುವ ದಿನ”.

ಮೊದಲ ಸಾಲು ಕ್ವಿನಾಕ್ರಿನ್. ಹಳೇ ಮಲೇರಿಯಾ ಮಾತ್ರೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಇದು ಪ್ರಿಯಾನನ್ನು ತಡೆಯುತ್ತದೆ ಎಂದು 2001ರಲ್ಲಿ ಪ್ರುಸಿನರ್ ತಂಡವೇ ಪ್ರಕಟಿಸಿತ್ತು. ಮನುಷ್ಯರಿಗೆ ಕೊಟ್ಟಾಗ ಆ ಆಸೆ ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ 107 ರೋಗಿಗಳ ಅಧ್ಯಯನ ನಡೆದು 2009ರಲ್ಲಿ ಫಲಿತಾಂಶ ಬಂತು. ಆಯಸ್ಸು ಹೆಚ್ಚಲಿಲ್ಲ. ಅಮೆರಿಕದ ಅಧ್ಯಯನ 2013ರಲ್ಲಿ ಅದನ್ನೇ ಹೇಳಿತು. ಲಿವರಿಗೆ ಪೆಟ್ಟು ಬೇರೆ. (ನಮ್ಮ ದೇಶದಲ್ಲಿ ಇದೇ ಕ್ವಿನಾಕ್ರಿನನ್ನು ಹೆಂಗಸರ ಸಂತಾನಹರಣಕ್ಕೆ ಬಳಸಿ ದೊಡ್ಡ ಗಲಾಟೆಯಾಗಿತ್ತು, 1998ರಲ್ಲಿ ಆ ಬಳಕೆಗೆ ನಿಷೇಧ ಬಂತು. ಮಗಳಿಗೆ ಇದು ಗೊತ್ತಿರಲಿಲ್ಲ. ನನ್ನ ವಯಸ್ಸಿನವರಿಗೆ ಮರೆಯುವಂಥದ್ದಲ್ಲ.) ಆ ಸಾಲನ್ನು ಬೇಗ ಹೊಡೆದುಹಾಕಿದಳು.

ಡಾಕ್ಸಿಸೈಕ್ಲಿನ್ ಹಾಗಲ್ಲ. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವ ಅಗ್ಗದ ಆ್ಯಂಟಿಬಯಾಟಿಕ್. ಮೊದಮೊದಲು, ತೆಗೆದುಕೊಂಡವರು ಜಾಸ್ತಿ ದಿನ ಬದುಕಿದ ಹಾಗೆ ಕಂಡಿತ್ತು. ಆದರೆ ಯಾರಿಗೆ ನಿಜ ಮಾತ್ರೆ, ಯಾರಿಗೆ ಖಾಲಿ ಮಾತ್ರೆ ಎಂದು ಯಾರಿಗೂ ತಿಳಿಸದೆ ಇಟಲಿ, ಫ್ರಾನ್ಸ್‌ಗಳಲ್ಲಿ 121 ಜನರ ಮೇಲೆ ಪರೀಕ್ಷಿಸಿದಾಗ ವ್ಯತ್ಯಾಸವೇ ಇಲ್ಲ. 2014ರಲ್ಲಿ ಪ್ರಕಟವಾಯಿತು. ಮಗ ಪಟ್ಟು ಬಿಡಲಿಲ್ಲ. “ಹೋಗ್ಲಿ ಅಕ್ಕಾ, ಕೊಟ್ರೆ ಕಳ್ಕೊಳ್ಳೋದೇನು?” ಎಂದ. ಇಂಥ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಇದು, ಸುಮ್ನೆ ತಳ್ಳಿಹಾಕಬಾರದು. ಇಲ್ಲಿ ಅದಕ್ಕೆ ನೇರ ಉತ್ತರವೇ ಇತ್ತು. ಈ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ನುಂಗಿದ ಮೇಲೆ ಲೋಟ ನೀರು ಕುಡಿದು ನೆಟ್ಟಗೆ ಕೂರಬೇಕು. ಆಗಲೇ ಆಕೆಗೆ ನೀರು ಕುಡಿಸಿದರೆ ಕೆಮ್ಮು ಬರುತ್ತಿತ್ತು, ಕೂರಿಸಿದರೆ ವಾಲುತ್ತಿದ್ದರು. ಮಗ ತಾನೇ ಒಂದು ಹೊತ್ತು ಅಮ್ಮನಿಗೆ ಗಂಜಿ ಕುಡಿಸಿದ. ಆಮೇಲೆ ಆ ಮಾತ್ರೆಯ ಸುದ್ದಿ ಎತ್ತಲಿಲ್ಲ.

ಮೂರನೇ ಸಾಲಿನಲ್ಲಿ ಯಜಮಾನರು ಸಿಕ್ಕಿಕೊಂಡರು. ಪೆಂಟೊಸಾನ್ ಪಾಲಿಸಲ್ಫೇಟ್. ಬೆಲ್‌ಫಾಸ್ಟಿನ ಜೊನಾಥನ್ ಸಿಮ್ಸ್ ಎಂಬ ಹುಡುಗನಿಗೆ ವೇರಿಯಂಟ್ ಸಿಜೆಡಿ ಬಂದಿತ್ತು. ಹುಚ್ಚು ಹಸು ರೋಗದ ದನದ ಮಾಂಸದಿಂದ ಬರುತ್ತದಲ್ಲ, ಅದು. ಅವನ ಮನೆಯವರು ಲಂಡನ್ ಹೈಕೋರ್ಟಿಗೆ ಹೋಗಿ 2002ರ ಡಿಸೆಂಬರಿನಲ್ಲಿ ಅನುಮತಿ ಪಡೆದರು. 2003ರಿಂದ ಪಂಪಿನ ಮೂಲಕ ಔಷಧಿಯನ್ನು ನೇರ ಮೆದುಳಿನೊಳಗೆ ಬಿಟ್ಟರು. ಹುಡುಗ ತೀರಿಕೊಂಡದ್ದು 2011ರಲ್ಲಿ. ಯಜಮಾನರು ಇದನ್ನು ಮಗಳ ಕೈಯಲ್ಲಿ ಎರಡು ಸಲ ಓದಿಸಿದರು. “ಅಷ್ಟು ವರ್ಷ ಬದುಕಿದ್ನಲ್ಲ” ಎಂದರು. ಇದೇ ಔಷಧಿಯ ಕ್ಯಾಪ್ಸೂಲ್ ಮೂತ್ರಕೋಶದ ನೋವಿಗೆ ಅಂತ ಇಲ್ಲೇ ಸಿಗುತ್ತದೆ ಅನ್ನುವುದನ್ನೂ ಯಾರೋ ಅವರ ಕಿವಿಗೆ ಹಾಕಿದ್ದರು.

ಬಾಯಲ್ಲಿ ನುಂಗಿದರೆ ಅದು ಮೆದುಳಿಗೆ ಹೋಗುವುದಿಲ್ಲ, ಅದಕ್ಕೇ ತಲೆಗೆ ಆಪರೇಷನ್ ಮಾಡಿ ಪಂಪ್ ಇಟ್ಟದ್ದು. ವೇರಿಯಂಟ್ ಸಿಜೆಡಿ ಮೊದಲೇ ನಿಧಾನದ ಕಾಯಿಲೆ, ಬರುವುದೂ ಚಿಕ್ಕ ವಯಸ್ಸಿನವರಿಗೆ. ಮತ್ತೆ, ಹಾಳಾದ ಮೆದುಳು ಆ ಹುಡುಗನಿಗೆ ವಾಪಸು ಬರಲಿಲ್ಲ. ಅಷ್ಟೂ ವರ್ಷ ಹಗಲೂ ರಾತ್ರಿ ಆರೈಕೆ ಬೇಕಿತ್ತು. ಇದನ್ನೆಲ್ಲ ನಾನೇ ಅವರಿಗೆ ಹೇಳಿದೆ. ಸ್ವಲ್ಪ ಹೊತ್ತು ಅವರು ಏನೂ ಮಾತಾಡಲಿಲ್ಲ. ಆಮೇಲೆ ಒಳಗಿನ ಕೋಣೆಯ ಕಡೆ ನೋಡಿ, “ಎಷ್ಟೋ ವರ್ಷ ಹೀಗೇ ಮಲಗಿರು ಅಂದ್ರೆ ಅವಳು ನನಗೆ ಬೈತಾಳೆ” ಎಂದರು. ಆ ಸಾಲು ಅಲ್ಲಿಗೆ ಮುಗಿಯಿತು. ವಿಜ್ಞಾನದಿಂದ ಮುಗಿದದ್ದಲ್ಲ, ನಲವತ್ತು ವರ್ಷದ ದಾಂಪತ್ಯದಿಂದ.

ಮಗ ಹುಡುಕಿದ್ದು ಹೊಸ ದಾರಿಗಳನ್ನು. ಲಂಡನ್ನಿನಲ್ಲಿ ಪಿಆರ್‌ಎನ್100 ಎಂಬ, ಪ್ರಿಯಾನ್ ಪ್ರೋಟೀನಿಗೆ ಅಂಟಿಕೊಳ್ಳುವ ಆ್ಯಂಟಿಬಾಡಿಯನ್ನು 2018-19ರಲ್ಲಿ ಆರು ರೋಗಿಗಳಿಗೆ ಕೊಟ್ಟಿದ್ದರು. ಮೆದುಳಿಗೆ ತಲುಪಿತು, ದೊಡ್ಡ ಅಪಾಯ ಆಗಲಿಲ್ಲ. ಆದರೆ ಆರೂ ಜನ ಉಳಿಯಲಿಲ್ಲ. ಇನ್ನೊಂದು ಐಯಾನ್717. ಪ್ರಿಯಾನ್ ಪ್ರೋಟೀನ್ ತಯಾರಾಗುವುದನ್ನೇ ತಗ್ಗಿಸುವ, ಬೆನ್ನಿನ ಮೂಲಕ ಕೊಡುವ ಚುಚ್ಚುಮದ್ದು. ಪ್ರೋಟೀನನ್ನೇ ತಗ್ಗಿಸುವ ಈ ದಾರಿಗಾಗಿ ವರ್ಷಗಟ್ಟಲೆ ದುಡಿದವರಲ್ಲಿ ಸೋನಿಯಾ ವಲ್ಲಭ್ ಒಬ್ಬರು. 2010ರಲ್ಲಿ ಪ್ರಿಯಾನ್ ರೋಗಕ್ಕೆ ತಾಯಿಯನ್ನು ಕಳೆದುಕೊಂಡು, ಅದೇ ಜೀನ್ ದೋಷ ತನಗೂ ಇದೆ ಎಂದು ತಿಳಿದ ಮೇಲೆ ಕಾನೂನು ಬಿಟ್ಟು ವಿಜ್ಞಾನಕ್ಕೆ ಬಂದವರು. ಐಯಾನ್717 ಸರಿಯಾದ ಪರೀಕ್ಷೆಗೆ ಇಳಿದಿದೆ. ಆದರೆ ಆ ಪರೀಕ್ಷೆಗೆ ಸೇರಿಸಿಕೊಂಡದ್ದು ಕಾಯಿಲೆ ಇನ್ನೂ ಶುರುವಿನಲ್ಲಿದ್ದವರನ್ನು. ಇಲ್ಲಿ ಅಮ್ಮ ಹಾಸಿಗೆ ಹಿಡಿದಾಗಿತ್ತು. ಮಗನಿಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಇದೇ. ಕ್ವಿನಾಕ್ರಿನ್ ವಿಷಯದಲ್ಲಿ ‘ಆಗಲ್ಲ’ ಅಂದರೆ ಅರ್ಥವಾಗುತ್ತದೆ. ‘ಆಗಬಹುದೇನೋ, ಆದರೆ ನಿಮಗಲ್ಲ’ ಅನ್ನುವುದನ್ನು ಹೇಗೆ ನುಂಗುವುದು? ಸಮಾಧಾನಕ್ಕೆ ನನ್ನ ಹತ್ತಿರ ಮಾತಿರಲಿಲ್ಲ. ಆಡಲೂ ಇಲ್ಲ.

ಇನ್ನು ಚಿಕ್ಕಪ್ಪನ ಸ್ಟೆಮ್ ಸೆಲ್, ಅಂದರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶಗಳ ಚಿಕಿತ್ಸೆ.

ಮಾಟುಂಗಾದ ಅವರ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ಒಂದು ಕ್ಲಿನಿಕ್ಕಿನ ವಿಡಿಯೊ ಕಳಿಸಿದ್ದರು. ವ್ಹೀಲ್‌ಚೇರಿನಲ್ಲಿ ಬಂದವರು ಎದ್ದು ನಡೆಯುವ ವಿಡಿಯೊ. ಚಿಕ್ಕಪ್ಪ ಯಾರಿಗೂ ಹೇಳದೆ ಹೋಗಿ, ಎಲ್ಲ ವಿಚಾರಿಸಿ, ಬಣ್ಣದ ಫೈಲು ಹಿಡಿದು ಬಂದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಸಂಸ್ಕರಿಸಿ, ಬೆನ್ನಿಗೆ ಚುಚ್ಚುವುದು. ಮೂರು ಸಿಟ್ಟಿಂಗ್. ಆರೂವರೆ ಲಕ್ಷ. ಅರ್ಧ ಮುಂಗಡ, ವಾಪಸಿಲ್ಲ. ಮಗಳು ಕ್ಲಿನಿಕ್ಕಿಗೆ ಫೋನ್ ಮಾಡಿ, ಇದು ಕ್ಲಿನಿಕಲ್ ಟ್ರಯಲ್ಲಾ, ನೋಂದಣಿ ನಂಬರ್ ಇದೆಯಾ ಎಂದು ಕೇಳಿದಳು. “ಇದು ಟ್ರಯಲ್ ಅಲ್ಲ ಮೇಡಂ, ಥೆರಪಿ” ಎಂದರು. ಆಚೆಯವರ ಮುಂದಿನ ಮಾತು: “ಸಿಜೆಡಿ ಅಂದ್ರೆ ಪಾರ್ಕಿನ್ಸನ್ ಥರಾನೇ ಅಲ್ವಾ?”

ಈ ಎರಡು ವಾಕ್ಯ ಸಾಕು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಸ್ಟೆಮ್ ಸೆಲ್ಲಿಗೆ ಒಪ್ಪಿಗೆ ಇರುವುದು ರಕ್ತಕ್ಕೆ ಸಂಬಂಧಿಸಿದಂಥ ಕಾಯಿಲೆಗಳ ಮಜ್ಜೆ ಕಸಿಗೆ. ಉಳಿದದ್ದೆಲ್ಲ ಸಂಶೋಧನೆ. ಒಪ್ಪಿಗೆ ಪಡೆದ ಟ್ರಯಲ್ಲಿನೊಳಗೇ ನಡೆಯಬೇಕು, ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ದೇಶದಲ್ಲಿ ನಡೆಯುವ ಔಷಧಿ ಟ್ರಯಲ್ಲುಗಳು ಸಿಟಿಆರ್‌ಐ ಎಂಬ ಸರಕಾರಿ ಪಟ್ಟಿಯಲ್ಲಿ ನೋಂದಣಿಯಾಗುವುದು 2009ರಿಂದ ಕಡ್ಡಾಯ. ಆ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. 2019ರ ಹೊಸ ನಿಯಮಗಳ ಪ್ರಕಾರ ಟ್ರಯಲ್ಲಿನಲ್ಲಿ ರೋಗಿಗೆ ಹಾನಿಯಾದರೆ ಪರಿಹಾರ ಕೊಡಬೇಕು. ‘ಥೆರಪಿ’ ಅಂದುಬಿಟ್ಟರೆ ಇದ್ಯಾವುದೂ ಇಲ್ಲ. ವಿಮೆಯೂ ಇಲ್ಲ. ಮಗಳು ಪಾಲಿಸಿ ತೆಗೆದು ತೋರಿಸಿದಳು: ‘ಸಾಬೀತಾಗದ ಚಿಕಿತ್ಸೆ’ ಅನ್ನುವುದು ಎಲ್ಲ ಕಂಪನಿಗಳಿಗೂ ಒಂದೇ ಥರ ಅಚ್ಚಾಗಿರುವ ಹೊರಗಿಡುವ ಷರತ್ತು, ನಂಬರ್ 16. ಪ್ರಿಯಾನ್ ಮಾಮೂಲಿ ಸ್ಟೆರಿಲೈಸೇಶನ್‌ನಲ್ಲಿ ನಾಶವಾಗುವುದಿಲ್ಲ ಅನ್ನುವ ವಿಷಯವೂ ಇದೆ. ಈ ರೋಗಿಗಳಿಗೆ ಬಳಸಿದ ಉಪಕರಣಕ್ಕೆ ಬೇರೆಯೇ ನಿಯಮ. ರೋಗ ಯಾವುದೆಂದೇ ತಿಳಿಯದೆ ಬೆನ್ನಿಗೆ ಸೂಜಿ ಹಾಕಲು ಹೊರಟವರಿಗೆ ಇನ್ನೊಬ್ಬ ರೋಗಿಯ ಯೋಚನೆ ಎಲ್ಲಿಂದ ಬರಬೇಕು?

ಆದರೆ ಇದನ್ನೆಲ್ಲ ಚಿಕ್ಕಪ್ಪನ ಮುಂದೆ ಇಟ್ಟರೆ ಅವರಿಗೆ ಕೇಳಿಸುವುದು ಒಂದೇ: ನಿನ್ನ ದುಡ್ಡು ಬೇಡ.

ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಹೋಟೆಲಿನ ಮಾಳಿಗೆಯಲ್ಲಿ ಎಲ್ಲರೂ ಸೇರಿದರು. ಕೆಳಗೆ ಮೇಜು ಒರೆಸುವ ಸದ್ದು. ಚಿಕ್ಕಪ್ಪ ಫೈಲು ಎದುರಿಗಿಟ್ಟರು.

“ಅಣ್ಣಯ್ಯ, ದುಡ್ಡು ನಂದು. ನಿಮಗೆ ಕಷ್ಟ ಎಂತದ್ದು?”

ಯಜಮಾನರು ತಲೆ ತಗ್ಗಿಸಿದರು. ತಮ್ಮನಿಗೆ ಇಲ್ಲ ಅನ್ನುವುದು ಅವರಿಗೆ ಬರುವುದಿಲ್ಲ. ಮಗಳು ಕಾನೂನಿನ ಮಾತು ತೆಗೆಯಲೇ ಇಲ್ಲ. ಅದು ಅವಳ ಜಾಣತನ. ಲೆಡ್ಜರ್ ಅವರ ಕಡೆ ತಿರುಗಿಸಿ, “ಚಿಕ್ಕಪ್ಪ, ಈ ಕಾಲಮ್ ಒಂದು ನೀವೇ ತುಂಬಿ. ಗುಣ ಆಗ್ತಿದೆಯೋ ಇಲ್ಲವೋ ಅಂತ ಯಾವ ದಿನ ಗೊತ್ತಾಗುತ್ತೆ?” ಎಂದಳು. ಅವರು ಕನ್ನಡಕ ಹಾಕಿಕೊಂಡು ಫೈಲು ತಿರುವಿದರು. ಕೊನೆಯ ಪುಟದಲ್ಲಿತ್ತು: ಮೂರನೇ ಸಿಟ್ಟಿಂಗಿನ ನಂತರ ಆರು ತಿಂಗಳಲ್ಲಿ ಸುಧಾರಣೆ ಕಾಣಬಹುದು. ಗಟ್ಟಿಯಾಗಿ ಓದಿದರು. ಓದುತ್ತಲೇ ಅವರಿಗೆ ತಿಳಿಯಿತು. ಡಾಕ್ಟರು ಹೇಳಿದ ಲೆಕ್ಕ ಅವರಿಗೂ ಗೊತ್ತಿತ್ತಲ್ಲ.

ಪೆನ್ನು ಕೆಳಗಿಟ್ಟು, “ಹಾಗಾದ್ರೆ ನಾನು ಎಂತ ಮಾಡ್ಲಿ?” ಎಂದರು.

ನನ್ನ ಅನುಭವದಲ್ಲಿ, ಇಂಥ ಚಿಕಿತ್ಸೆಗೆ ಹಟ ಹಿಡಿಯುವವರಲ್ಲಿ ಹೆಚ್ಚಿನವರು ಮೋಸ ಹೋಗುವ ದಡ್ಡರಲ್ಲ. ಋಣ ಇರುವವರು. ಅವರ ಕೈಯಿಂದ ಫೈಲು ಕಿತ್ತುಕೊಂಡು ಕಳಿಸಿದರೆ ಇನ್ನೊಂದು ಫೈಲು ತರುತ್ತಾರೆ. ಕೆಲಸ ಕೊಡಬೇಕು. ಇಲ್ಲಿ ಕೆಲಸ ಬೇಕಾದಷ್ಟಿತ್ತು. ರಾತ್ರಿ ಪಾಳಿಗೆ ನರ್ಸ್, ಬೆನ್ನು ಹುಣ್ಣಾಗದ ಹಾಗೆ ಏರ್ ಬೆಡ್, ಗಂಟಲಿನ ಕಫ ತೆಗೆಯುವ ಸಕ್ಷನ್ ಮೆಷಿನ್. ಎಲ್ಲವೂ ಚಿಕ್ಕಪ್ಪನ ಲೆಕ್ಕದಲ್ಲಿ ಬಂತು. ವಾರಕ್ಕೆ ಎರಡು ಮೂರು ಸಲ ಹೋಟೆಲು ಮುಚ್ಚಿ, ರಾತ್ರಿ ಲೋಕಲ್ ಹಿಡಿದು ಡೊಂಬಿವಲಿಗೆ ಬಂದು, ಅಣ್ಣ ಮಲಗಲಿ ಎಂದು ತಾವು ಕೂರುತ್ತಿದ್ದರು.

ಊರಿಂದ ನಾದಿನಿ ಬ್ರಾಹ್ಮಿ ಎಣ್ಣೆ ಮತ್ತು ಯಾರೋ ಕೊಟ್ಟ ಭಸ್ಮದ ಪೊಟ್ಟಣ ತಂದಿದ್ದರು. ಎಣ್ಣೆ ಇಟ್ಟುಕೊಂಡರು. ತಲೆಗೆ ಹಚ್ಚಿ ನಿಧಾನ ತಿಕ್ಕಿದರೆ ಆಕೆಯ ಮುಖ ಸಡಿಲವಾಗುತ್ತಿತ್ತು, ಅದಕ್ಕೆ ಬೇರೆ ಪುರಾವೆ ಬೇಡ. ಭಸ್ಮಕ್ಕೆ ಹೆಸರಿಲ್ಲ, ಚೀಟಿಯಿಲ್ಲ. ಪಾದರಸ, ಸೀಸ ಇರಬಹುದು. ಬೇಡ ಎಂದರು.

ಮೈ ಎಗರುವುದಕ್ಕೆ ಕ್ಲೊನಾಜೆಪಾಮ್ ಕೆಲಸ ಮಾಡಿತು. ಊಟಕ್ಕೆ ಮೂಗಿನ ನಳಿಗೆ ಹಾಕುವ ಮಾತು ಬಂದಾಗ ಜಾಸ್ತಿ ಚರ್ಚೆ ಆಗಲಿಲ್ಲ. ಅತ್ತೆಗೆ ನಳಿಗೆ ಹಾಕಿದ್ದಾಗ “ನಂಗೆ ಮಾತ್ರ ಇದು ಬೇಡ” ಎಂದು ಆಕೆ ಹೇಳಿದ್ದು ಮೂವರಿಗೂ ನೆನಪಿತ್ತು. ಬರೆದಿಟ್ಟಿದ್ದರೆ ಇನ್ನೂ ಸುಲಭವಿತ್ತು. ಸುಪ್ರೀಂ ಕೋರ್ಟ್ 2018ರಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಇಂಥ ಪತ್ರಕ್ಕೆ (ಲಿವಿಂಗ್ ವಿಲ್) ಮಾನ್ಯತೆ ಕೊಟ್ಟಿದೆ, 2023ರಲ್ಲಿ ವಿಧಾನವನ್ನು ಸರಳ ಮಾಡಿದೆ. ಈಗ ನೋಟರಿಯ ಮುಂದೆ ಮಾಡಿಸಿದರೂ ಆಗುತ್ತದೆ. ಚಮಚದಲ್ಲಿ ಹೋದಷ್ಟು ಗಂಜಿ, ಎಳನೀರು ಕೊಟ್ಟರು. ಐದನೇ ತಿಂಗಳು ತುಂಬುವ ಮೊದಲು, ಮನೆಯಲ್ಲೇ ತೀರಿಕೊಂಡರು.

ಸಿಜೆಡಿಯಲ್ಲಿ ಹತ್ತು ಹದಿನೈದು ಶೇಕಡಾ ವಂಶದಿಂದ ಬರುವಂಥದ್ದು. ಅದಕ್ಕೇ ಪ್ರಿಯಾನ್ ಪ್ರೋಟೀನಿನ ಪಿಆರ್‌ಎನ್‌ಪಿ ಎಂಬ ಜೀನಿನ ಪರೀಕ್ಷೆಗೆ ಆಕೆಯ ರಕ್ತವನ್ನು ಮೊದಲೇ ಕೊಟ್ಟಿದ್ದರು. ವರದಿ ಆಮೇಲೆ ಬಂತು. ದೋಷ ಇಲ್ಲ. ಮಕ್ಕಳಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಕ್ಲಿನಿಕ್ಕಿನಿಂದ ಚಿಕ್ಕಪ್ಪನಿಗೆ ಫೋನುಗಳು ಬರುತ್ತಲೇ ಇದ್ದವು, ಈ ತಿಂಗಳು ರಿಯಾಯಿತಿ ಇದೆ ಎಂದು. ಮೆದುಳಿನ ಕಾಯಿಲೆ ಗುಣಪಡಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದು 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯ ಪ್ರಕಾರ ಅಪರಾಧ. ಮಗಳು ಆ ವಿಡಿಯೊ, ಬಣ್ಣದ ಫೈಲಿನ ಪ್ರತಿ, ಕೊಟೇಶನ್ ಎಲ್ಲ ಲಗತ್ತಿಸಿ ಸಂಬಂಧಪಟ್ಟ ಇಲಾಖೆಗೆ ದೂರು ಬರೆದಳು. ದೂರಿನ ಕೆಳಗೆ ಎರಡು ಸಹಿ ಇವೆ. ಒಂದು ಅವಳದು, ಇನ್ನೊಂದು ಚಿಕ್ಕಪ್ಪನದು.